ಹಾಸನದಲ್ಲಿ ಚಾರ್ಜರ್ ಕೈಕೊಟ್ಟರೆ? ಎಲೆಕ್ಟ್ರಿಕ್ ಕಾರಿನ ದೂರ ಪ್ರಯಾಣಕ್ಕೆ ಯೂನಿಟ್ ಲೆಕ್ಕ

ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲು. 2025ರ ಆರಂಭದ ಸರ್ಕಾರಿ ಲೆಕ್ಕದಲ್ಲಿ ರಾಜ್ಯದಲ್ಲಿದ್ದ ಕೇಂದ್ರಗಳು 5,700ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಂಗಳೂರು ನಗರ ಜಿಲ್ಲೆಯೊಳಗೇ ಇವೆ. ಸ್ಕೂಟರ್, ಆಟೊಗಳಿಗೆ ಸಾಕಾಗುವ ನಿಧಾನ ಚಾರ್ಜರ್‌ಗಳೂ ಈ ಲೆಕ್ಕದಲ್ಲಿ ಸೇರಿವೆ. ಮಂಗಳೂರಿಗೋ ಬೆಳಗಾವಿಗೋ ಕುಟುಂಬದೊಡನೆ ಕಾರಿನಲ್ಲಿ ಹೊರಟವರಿಗೆ ಈ ದೊಡ್ಡ ಸಂಖ್ಯೆಯಿಂದ ಏನೂ ಆಗಬೇಕಿಲ್ಲ. ಅವರಿಗೆ ಬೇಕಾದ್ದು ಒಂದೇ ಉತ್ತರ: ಬೆಳಿಗ್ಗೆ ಒಂಬತ್ತಕ್ಕೆ ಹಾಸನದ ಬಳಿ ನಿಂತಾಗ, ಅಲ್ಲಿರುವ ಚಾರ್ಜರ್ ಓಡುತ್ತಿರುತ್ತದೆಯೇ?

ಓಡುತ್ತಿರುತ್ತದೆ ಎಂದು ಯಾರೂ ಮಾತು ಕೊಡಲಾರರು. ಹಾಗಾಗಿ ದೂರ ಪ್ರಯಾಣದ ಯೋಜನೆಯನ್ನು ಒಂದು ಚಾರ್ಜರ್ ಕೆಟ್ಟಿದೆ ಎಂದು ಭಾವಿಸಿಯೇ ಮಾಡಬೇಕು. ಯಾವ ನಿಲುಗಡೆ ತಪ್ಪಿದರೂ ಮುಂದಿನದಕ್ಕೆ ತಲುಪುವಷ್ಟು ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಅವರ್ ವಿದ್ಯುತ್) ಬ್ಯಾಟರಿಯಲ್ಲಿ ಉಳಿದಿದ್ದರೆ ಆ ಯೋಜನೆ ಗಟ್ಟಿ. ಉಳಿದಿಲ್ಲದಿದ್ದರೆ ಆ್ಯಪ್ ಎಷ್ಟೇ ಚೆಂದದ ಹಸಿರು ಗೆರೆ ಎಳೆದು ತೋರಿಸಿದರೂ ಅದನ್ನು ನಂಬಿ ಹೊರಡಬಾರದು.

ರೇಂಜ್ ಬಿಡಿ, ಯೂನಿಟ್ ಹಿಡಿಯಿರಿ

ಕಂಪನಿಗಳು ಹೇಳುವ ರೇಂಜ್, ಅಂದರೆ ಒಮ್ಮೆ ತುಂಬಿಸಿದರೆ ಓಡುವ ದೂರ, ಪ್ರಯೋಗಶಾಲೆಯ ರೋಲರ್ ಮೇಲೆ, ಎಂಐಡಿಸಿ ಎಂಬ ಭಾರತೀಯ ಚಾಲನಾ ಚಕ್ರದಂತೆ ಓಡಿಸಿ ಅಳೆದದ್ದು. ಆ ಚಕ್ರದಲ್ಲಿ ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ, ಹೆಚ್ಚು ಹೊತ್ತು ಊರೊಳಗಿನ ನಿಧಾನದ ಓಟ. ಟಾಟಾ ನೆಕ್ಸಾನ್‌ನ 45 ಯೂನಿಟ್ ಬ್ಯಾಟರಿಯ ಕಾರಿಗೆ ಸಿಕ್ಕ ಪ್ರಮಾಣಿತ ರೇಂಜ್ 489 ಕಿ.ಮೀ. ಅದೇ ಕಂಪನಿ ಬಳಕೆಯಲ್ಲಿ ಸಿಗುವ ದೂರವೆಂದು ಹೇಳುವುದು 350ರಿಂದ 370. ಹೆದ್ದಾರಿಯಲ್ಲಿ ನೂರರ ವೇಗ ಹಿಡಿದರೆ ಅದೂ ಇಳಿಯುತ್ತದೆ.

ಎಷ್ಟು ಇಳಿಯುತ್ತದೆಂದು ಸಾಧಾರಣ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಜನ ಕೂತು ಸುಮಾರು 1,700 ಕಿಲೋ ತೂಗುವ ಚಿಕ್ಕ ಎಸ್‌ಯುವಿ, ಎಸಿಗೆ ಒಂದು ಕಿಲೋವ್ಯಾಟ್, ಸಮತಟ್ಟಾದ ರಸ್ತೆ, ಗಾಳಿ ಇಲ್ಲ ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ ವೇಗದಲ್ಲಿ ನೂರು ಕಿ.ಮೀ.ಗೆ 11 ಯೂನಿಟ್ ಸಾಕು. 80ರಲ್ಲಿ 13ಕ್ಕೆ ಏರುತ್ತದೆ. 100ರಲ್ಲಿ 17. 120ಕ್ಕೆ ಹೋದರೆ 21ರಿಂದ 22. ಟೈರಿನ ತಡೆ ವೇಗ ಹೆಚ್ಚಿದರೂ ಅಷ್ಟಾಗಿ ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಏರುತ್ತದೆ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡೂಕಾಲು ಪಟ್ಟು. 45 ಯೂನಿಟ್‌ನ ಕಾರು ಎಂಬತ್ತರ ವೇಗದಲ್ಲಿ 340 ಕಿ.ಮೀ ಹೋದರೆ, ನೂರರಲ್ಲಿ 265ಕ್ಕೇ ಖಾಲಿ.

ಹಾಗಾದರೆ ನಿಧಾನ ಹೋಗುವುದೇ ಜಾಣತನವೇ? ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ಗಡಿಯಾರ ಬೇರೆ ಮಾತಾಡುತ್ತದೆ. ಬೆಂಗಳೂರಿಂದ ಹಾಸನದ 185 ಕಿ.ಮೀ.ಯನ್ನು 80ರ ಬದಲು 100ರಲ್ಲಿ ಓಡಿಸಿದರೆ 28 ನಿಮಿಷ ಉಳಿಯುತ್ತದೆ, ಸುಮಾರು 7 ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಆ ಏಳು ಯೂನಿಟ್ ತುಂಬಲು 30 ಕಿಲೋವ್ಯಾಟ್ ಚಾರ್ಜರ್‌ಗೆ 14 ನಿಮಿಷ ಬೇಕು. ಅಂದರೆ ನೂರರವರೆಗಿನ ವೇಗ ಲಾಭವೇ. ನೂರರಿಂದ ನೂರಿಪ್ಪತ್ತಕ್ಕೆ ಏರಿದರೆ ಉಳಿಯುವುದು 18 ನಿಮಿಷ, ಹೆಚ್ಚಾಗುವುದು 8 ಯೂನಿಟ್. ಅದೇ ಚಾರ್ಜರ್‌ನಲ್ಲಿ ಉಳಿಸಿದ ಸಮಯವೆಲ್ಲ ಹೋಯಿತು. ಮೇಲಾಗಿ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕಾನೂನಿನ ಮಿತಿಯೇ 100. ಮುಂದಿನ ಚಾರ್ಜರ್ ಬಗ್ಗೆ ಅನುಮಾನವಿದ್ದಾಗ ಮಾತ್ರ 80ಕ್ಕೆ ಇಳಿಯಿರಿ. ಆಗ ನಿಧಾನದಿಂದ ಸಿಗುವುದು ಸಮಯವಲ್ಲ, ಆ ಚಾರ್ಜರ್ ಕೈಕೊಟ್ಟರೂ ತಲುಪುವ ಭರವಸೆ.

ಯೋಜನೆಗೆ ಕೂತಾಗ ನಿಮ್ಮ ಕಾರಿನ ಹಿಂದಿನ ಹೆದ್ದಾರಿ ಓಟದ ಸರಾಸರಿಯನ್ನೇ ತೆಗೆದುಕೊಳ್ಳಿ. ಊರೊಳಗಿನ ಓಟದ ಸರಾಸರಿ ಬೇಡ. ಪರದೆಯ ಮೇಲೆ ಕಿಲೋಮೀಟರಿಗೆ ಇಷ್ಟು ವ್ಯಾಟ್-ಅವರ್ ಎಂದು ಅದು ತೋರುತ್ತದೆ. ಕೆಳಗಿನ ಉದಾಹರಣೆಗೆ 85–90ರ ವೇಗ, ಕಿ.ಮೀ.ಗೆ 150 ವ್ಯಾಟ್-ಅವರ್, ಅಂದರೆ ನೂರು ಕಿ.ಮೀ.ಗೆ 15 ಯೂನಿಟ್ ಹಿಡಿದಿದ್ದೇವೆ. 45 ಯೂನಿಟ್ ಬ್ಯಾಟರಿಯಲ್ಲಿ ಒಂದು ಪರ್ಸೆಂಟ್ ಎಂದರೆ 0.45 ಯೂನಿಟ್, ಆ ವೇಗದಲ್ಲಿ 3 ಕಿ.ಮೀ. ಇದೊಂದನ್ನು ಬಾಯಿಪಾಠ ಮಾಡಿಕೊಂಡರೆ ದಾರಿಯುದ್ದಕ್ಕೂ ಆ್ಯಪ್ ತೆರೆಯದೆ ಲೆಕ್ಕ ಹಾಕಬಹುದು. ನಿಮ್ಮ ಕಾರಿನ ಸಂಖ್ಯೆ ಬೇರೆಯಿರುತ್ತದೆ. ಲೆಕ್ಕದ ರೀತಿ ಒಂದೇ.

ಶಿರಾಡಿ ಇಳಿಯುವ ಲೆಕ್ಕ, ಏರುವ ಲೆಕ್ಕ

ಬೆಂಗಳೂರು–ಮಂಗಳೂರು, ರಾಷ್ಟ್ರೀಯ ಹೆದ್ದಾರಿ 75, ಸುಮಾರು 350 ಕಿ.ಮೀ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್. ಬೆಂಗಳೂರು ಮತ್ತು ಸಕಲೇಶಪುರ ಎರಡೂ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿವೆ. ಹಾಗಾಗಿ ಮೊದಲ 225 ಕಿ.ಮೀ.ನಲ್ಲಿ ಏರಿಳಿತ ಇದ್ದರೂ ಒಟ್ಟಾರೆ ಎತ್ತರ ಬದಲಾಗುವುದಿಲ್ಲ. ಆ ಮೇಲೆ ಒಮ್ಮೆಗೇ ಕರಾವಳಿಗೆ ಇಳಿತ.

ಮನೆಯಿಂದ 100 ಪರ್ಸೆಂಟ್‌ನಲ್ಲಿ ಹೊರಟರೆ ಹಾಸನದವರೆಗೆ 28 ಯೂನಿಟ್ ಖರ್ಚು, ಉಳಿಯುವುದು 38 ಪರ್ಸೆಂಟ್. ಹಾಸನದಿಂದ ಸಕಲೇಶಪುರದ 40 ಕಿ.ಮೀ.ಗೆ 6 ಯೂನಿಟ್. ಅಲ್ಲಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ ಘಾಟಿಯ ಮೂವತ್ತು ಕಿ.ಮೀ.ಗೆ ಹೆಚ್ಚೆಂದರೆ ಒಂದು ಯೂನಿಟ್; ಇಳಿತದಲ್ಲಿ ಮೋಟರ್ ಜನರೇಟರ್ ಆಗಿ ಬ್ಯಾಟರಿಗೇ ವಿದ್ಯುತ್ ಮರಳಿಸುತ್ತದೆ. ಗುಂಡ್ಯದಿಂದ ಮಂಗಳೂರಿಗೆ 90 ಕಿ.ಮೀ, 13.5 ಯೂನಿಟ್. ಎಲ್ಲ ಸೇರಿ 20.5 ಯೂನಿಟ್, ಅಂದರೆ 46 ಪರ್ಸೆಂಟ್. ಮಂಗಳೂರಲ್ಲಿ ಮೂವತ್ತರ ಹತ್ತಿರ ಉಳಿಯಬೇಕು ಎಂದರೆ ಹಾಸನದಲ್ಲಿ 38ರಿಂದ 75ಕ್ಕೆ ಏರಿಸಿದರೆ ಸಾಕು. ಅದು 17 ಯೂನಿಟ್. 60 ಕಿಲೋವ್ಯಾಟ್ ಪೂರ್ತಿ ಸಿಕ್ಕರೆ ಇಪ್ಪತ್ತು ನಿಮಿಷದ ಆಚೀಚೆ, 30 ಸಿಕ್ಕರೆ 35ರಿಂದ 40 ನಿಮಿಷ. ಮಕ್ಕಳೊಂದಿಗೆ ತಿಂಡಿ ತಿಂದು, ಕಾಫಿ ಕುಡಿದು ಏಳುವಷ್ಟು ಹೊತ್ತು.

ಈ ಯೋಜನೆಯಲ್ಲಿ ಒಂದು ತಪ್ಪಿದೆ. ಹಾಸನದ ಮೇಲೆಯೇ ಎಲ್ಲ ಭಾರ ಬಿದ್ದಿದೆ. ಅಲ್ಲಿ ವಿದ್ಯುತ್ ಹೋಗಿದ್ದರೆ 38 ಪರ್ಸೆಂಟ್ ಇಟ್ಟುಕೊಂಡು ಸಕಲೇಶಪುರಕ್ಕೆ 24ರಲ್ಲಿ, ಗುಂಡ್ಯಕ್ಕೆ 22ರಲ್ಲಿ, ಉಪ್ಪಿನಂಗಡಿಗೆ ಹತ್ತರಲ್ಲಿ ಇಳಿಯಬೇಕಾಗುತ್ತದೆ. ಅಸಾಧ್ಯವಲ್ಲ, ಆದರೆ ಕೈಬೆವರುವ ಓಟ. ಹಾಗಾಗಿ ಮೊದಲ ಆಯ್ಕೆಯನ್ನು ಸುಮಾರು 38 ಕಿ.ಮೀ ಮೊದಲೇ, ಚನ್ನರಾಯಪಟ್ಟಣದ ಸುತ್ತ ಇಟ್ಟುಕೊಳ್ಳಿ. ಅಲ್ಲಿಗೆ ತಲುಪುವಾಗ 50 ಪರ್ಸೆಂಟ್ ಇರುತ್ತದೆ. ಚಾರ್ಜರ್ ಸರಿಯಿದ್ದರೆ ಅಲ್ಲೇ 87ರವರೆಗೆ ತುಂಬಿಸಿ, ಇಲ್ಲವೇ 75ಕ್ಕೆ ಬಿಟ್ಟು ಹಾಸನದಲ್ಲಿ ಹತ್ತು ನಿಮಿಷ ನಿಲ್ಲಿ. ಕೆಟ್ಟಿದ್ದರೆ ಹಾಸನ ಹೇಗೂ ಮುಂದಿದೆ. ಗುರಿಯಿಟ್ಟ ಚಾರ್ಜರ್ ಎಂದೂ ಕೊನೆಯದಾಗಿರಬಾರದು, ಕೊನೆಯದಕ್ಕಿಂತ ಹಿಂದಿನದಾಗಿರಬೇಕು.

ಘಾಟಿಯ ತಲೆಯಲ್ಲಿ 100 ಪರ್ಸೆಂಟ್ ತುಂಬಿಸಿ ಇಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಸಕಲೇಶಪುರದ ಹೋಮ್‌ಸ್ಟೇನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿದವರು ಬೆಳಿಗ್ಗೆ ಹೀಗೇ ಹೊರಡುತ್ತಾರೆ. ತುಂಬಿದ ಬ್ಯಾಟರಿಗೆ ಮರಳಿ ಬರುವ ವಿದ್ಯುತ್ತನ್ನು ತೆಗೆದುಕೊಳ್ಳಲು ಜಾಗವಿಲ್ಲ. ಕಾರು ಹೀಗೆ ವಿದ್ಯುತ್ ಮರಳಿಸುವುದನ್ನು (ರೀಜೆನ್) ತಾನೇ ಕಡಿಮೆ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂದಿನಂತೆ ಕಾರು ತಡೆಯುವುದಿಲ್ಲ, ಬ್ರೇಕ್ ಪ್ಯಾಡ್‌ಗಳ ಮೇಲೆ ಇಡೀ ಘಾಟಿಯ ಕಾವು ಬೀಳುತ್ತದೆ. 1,700 ಕಿಲೋ ಕಾರು 900 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕು ಯೂನಿಟ್‌ಗೂ ಸ್ವಲ್ಪ ಹೆಚ್ಚು. ಅದರಲ್ಲಿ ಅರವತ್ತು-ಎಪ್ಪತ್ತು ಪರ್ಸೆಂಟ್ ಬ್ಯಾಟರಿಗೆ ಸೇರುತ್ತದೆ. ಅಷ್ಟಕ್ಕೆ ಆರೇಳು ಪರ್ಸೆಂಟ್ ಜಾಗ ಬಿಟ್ಟಿದ್ದರೆ ಸಾಕು. ಚಾರ್ಜ್ ಮಿತಿಯನ್ನು 90ಕ್ಕೆ ಇಟ್ಟು ಮಲಗಿ.

ಹಿಂತಿರುಗುವಾಗ ಲೆಕ್ಕ ತಿರುಗುಮುರುಗು. ಗುಂಡ್ಯದಿಂದ ಸಕಲೇಶಪುರಕ್ಕೆ ಏರುವಾಗ ಆ ಮೂವತ್ತು ಕಿ.ಮೀ.ಗೆ ಒಂದು ಯೂನಿಟ್ ಬದಲು ಎಂಟು ಬೇಕು: ಓಟಕ್ಕೆ ಮೂರೂವರೆ, ಏರಿಗೆ ನಾಲ್ಕೂವರೆ. ಹೋಗುವಾಗ ಒಟ್ಟು 48 ಯೂನಿಟ್‌ನಲ್ಲಿ ಮುಗಿದ ದಾರಿಗೆ ಬರುವಾಗ 55 ಬೇಕು. ಹೋದಾಗಿನ ಅನುಭವವನ್ನೇ ನಂಬಿ ವಾಪಸು ಹೊರಟವರು ಸಿಕ್ಕಿಬೀಳುವುದು ಈ ಏಳು ಯೂನಿಟ್‌ನಲ್ಲಿ. ಘಾಟಿಯ ಬುಡದಲ್ಲಿ, ಗುಂಡ್ಯದಲ್ಲಿ, ಪರದೆಯ ಮೇಲೆ 45 ಪರ್ಸೆಂಟ್ ಇರಬೇಕು: ಏರಿಗೆ 18, ಸಕಲೇಶಪುರದಿಂದ ಹಾಸನಕ್ಕೆ 13, ಕೈಯಲ್ಲಿ ಉಳಿತಾಯ 14. ಕಡಿಮೆಯಿದ್ದರೆ ಏರುವ ಮೊದಲೇ, ಬಿ.ಸಿ. ರೋಡ್–ಉಪ್ಪಿನಂಗಡಿ ನಡುವೆ ತುಂಬಿಸಿಕೊಳ್ಳಬೇಕು. ಕಾರಿನ ರೇಂಜ್ ಸಂಖ್ಯೆ ಈ ಹೊತ್ತಿನಲ್ಲಿ ಹೆಚ್ಚು ತೋರಿಸುತ್ತದೆ. ಅದು ಲೆಕ್ಕ ಹಾಕುವುದು ನೀವು ಈಗಾಗಲೇ ಓಡಿಸಿದ ಬಯಲು ದಾರಿಯಿಂದ. ಮುಂದಿರುವ ಏರು ಅದಕ್ಕೆ ಗೊತ್ತಿಲ್ಲ.

ಮಂಗಳೂರಿಂದ 100ರಲ್ಲಿ ಹೊರಟರೆ ಹಾಸನಕ್ಕೆ 39ರಲ್ಲಿ ಬರುತ್ತೀರಿ. ಅಲ್ಲಿಂದ ಬೆಂಗಳೂರಿಗೆ 62 ಪರ್ಸೆಂಟ್ ಬೇಕು. ಒಂದೇ ಸಲ 85ಕ್ಕೆ ತುಂಬಿಸುವುದೋ, 70ಕ್ಕೆ ಬಿಟ್ಟು ಬೆಳ್ಳೂರು ಕ್ರಾಸ್–ಯಡಿಯೂರು ನಡುವೆ ಇನ್ನೊಮ್ಮೆ ಹತ್ತು ನಿಮಿಷ ನಿಲ್ಲುವುದೋ? ಗಡಿಯಾರದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೂ ಎರಡು ನಿಲುಗಡೆಯೇ ಮೇಲು. ಹಾಸನದಲ್ಲಿ ಸರದಿ ಇದ್ದರೆ ಬೇಗ ಜಾಗ ಬಿಟ್ಟು ಹೊರಡಬಹುದು, ಎರಡನೆಯದು ಕೈಕೊಟ್ಟರೂ ನಿಧಾನಕ್ಕೆ ಓಡಿಸಿ ಮನೆ ಸೇರಬಹುದು.

ಮಳೆಗಾಲದಲ್ಲಿ ಇನ್ನೊಂದು ಪುಟ ಸೇರಿಸಬೇಕು. 2024ರ ಜುಲೈ ಕೊನೆಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಸಂಚಾರ ನಿಂತಿತ್ತು. ಹೀಗಾದಾಗ ಚಾರ್ಮಾಡಿ ದಾರಿಯಾಗಿ, ಉಜಿರೆ–ಕೊಟ್ಟಿಗೆಹಾರ–ಮೂಡಿಗೆರೆ–ಬೇಲೂರು ಹಿಡಿದು ಹಾಸನಕ್ಕೆ ಬರಬೇಕಾಗುತ್ತದೆ. ಸುಮಾರು 30 ಕಿ.ಮೀ ಹೆಚ್ಚು, ಅಂದರೆ ಹತ್ತು ಪರ್ಸೆಂಟ್. ಸಂಪಾಜೆ ಮೂಲಕ ಮಡಿಕೇರಿ, ಮೈಸೂರು ಬಳಸಿದರೆ ಬೆಂಗಳೂರೇ 400 ಕಿ.ಮೀ ಆಚೆ, ಮಡಿಕೇರಿಯ ಏರು ಶಿರಾಡಿಗಿಂತ ಎತ್ತರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿಂದ ಹೊರಡುವಾಗ 100 ಪರ್ಸೆಂಟ್ ಕಡ್ಡಾಯ ಎಂದುಕೊಳ್ಳಿ. ನೀರು ನಿಂತ ರಸ್ತೆಯಲ್ಲಿ ಟೈರು ನೀರನ್ನೂ ತಳ್ಳಿಕೊಂಡು ಹೋಗಬೇಕು. ಒಟ್ಟು ಲೆಕ್ಕಕ್ಕೆ ಹತ್ತರಲ್ಲಿ ಒಂದು ಪಾಲು ಸೇರಿಸಿ.

ಹೆದ್ದಾರಿ 48ರಲ್ಲಿ, ಬೆಂಗಳೂರು–ಹುಬ್ಬಳ್ಳಿ–ಬೆಳಗಾವಿ ದಾರಿಯಲ್ಲಿ, ಘಾಟಿಯ ತೊಂದರೆ ಇಲ್ಲ. ಅಲ್ಲಿ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುವ ಗಾಳಿ ಬೆಳಗಾವಿ ಕಡೆ ಹೋಗುವವರಿಗೆ ಎದುರೂ ಪಕ್ಕದ್ದೂ ಆಗಿ ಬಡಿಯುತ್ತದೆ. 90ರಲ್ಲಿ ಓಡುವ ಕಾರಿಗೆ 20ರ ಎದುರು ಗಾಳಿ ಸಿಕ್ಕರೆ ಗಾಳಿಯ ತಡೆ 110ರ ವೇಗದಲ್ಲಿ ಇದ್ದಷ್ಟು, ಅಂದರೆ ಒಂದೂವರೆ ಪಟ್ಟು. ಹಿರಿಯೂರು–ದಾವಣಗೆರೆ ನಡುವೆ ಖರ್ಚು ಲೆಕ್ಕ ಮೀರುತ್ತಿದ್ದರೆ ಕಾರಿನಲ್ಲಿ ದೋಷ ಹುಡುಕಬೇಡಿ. ವೇಗ ಹತ್ತು ಇಳಿಸಿ ನೋಡಿ.

60 ಎಂದು ಬರೆದದ್ದು 60 ಕೊಡುವುದಿಲ್ಲ

ನಮ್ಮ ಹೆದ್ದಾರಿಗಳಲ್ಲಿ ಹೆಚ್ಚಾಗಿ ಕಾಣುವ ಡಿಸಿ ಫಾಸ್ಟ್ ಚಾರ್ಜರ್‌ಗಳು 30, 60 ಮತ್ತು 120 ಕಿಲೋವ್ಯಾಟ್‌ನವು; ಕಾರಿಗೆ ಚುಚ್ಚುವ ಪ್ಲಗ್, ಅಂದರೆ ಗನ್, ಸಿಸಿಎಸ್ 2 ಮಾದರಿಯದು. ಎರಡು ಗನ್ ಇರುವ 60ರ ಚಾರ್ಜರ್‌ನಲ್ಲಿ ಪಕ್ಕದ ಕಾರೂ ಹಾಕಿಕೊಂಡಿದ್ದರೆ ಸಾಮಾನ್ಯವಾಗಿ 30-30 ಹಂಚಿಕೆ. ನೀವು ಮೊದಲು ಬಂದು 55ರಲ್ಲಿ ತುಂಬಿಸುತ್ತಿದ್ದರೂ ಅವರು ಗನ್ ಚುಚ್ಚಿದ ಕ್ಷಣ ಅರ್ಧಕ್ಕೆ ಇಳಿಯುತ್ತದೆ. ಎರಡನೆಯ ಕಾರಣ ಒಳಗಿನದು. ದೊಡ್ಡ ಚಾರ್ಜರ್ ಒಂದೇ ಯಂತ್ರವಲ್ಲ, ಹಲವು ಪವರ್ ಮಾಡ್ಯೂಲ್‌ಗಳ ಜೋಡಣೆ. ಅವುಗಳಲ್ಲಿ ಒಂದು ಸುಟ್ಟರೆ ಚಾರ್ಜರ್ ನಿಲ್ಲುವುದಿಲ್ಲ, ಕಡಿಮೆ ಕೊಡುತ್ತ ಓಡುತ್ತದೆ. ಆ್ಯಪ್‌ನಲ್ಲಿ ಅದು ಹಸಿರಾಗಿಯೇ ಇರುತ್ತದೆ. ಮೂರನೆಯದು ಆಂಪಿಯರ್ ಮಿತಿ. ಗನ್ನಿನ ಮಿತಿ 125 ಆಂಪಿಯರ್ ಇದ್ದು ನಿಮ್ಮ ಬ್ಯಾಟರಿ 330 ವೋಲ್ಟ್‌ನದಾದರೆ, ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಸಿಗುವುದು 41 ಕಿಲೋವ್ಯಾಟ್. ಆ್ಯಪ್‌ನಲ್ಲಿ ಹಿಂದಿನವರು ಬರೆದ ನಿಜವಾದ ವೇಗವನ್ನು ಓದುವುದು ಇದಕ್ಕಾಗಿಯೇ.

80 ಪರ್ಸೆಂಟ್‌ಗೆ ಬಿಡಿ ಎಂಬ ಮಾತು ಎಲ್ಲ ಕಡೆಗೂ ಹೊಂದುವುದಿಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಅದು ಒಪ್ಪಿಕೊಳ್ಳುವ ವಿದ್ಯುತ್ ಕಡಿಮೆಯಾಗುತ್ತದೆ. 60ರ ಚಾರ್ಜರ್‌ನಲ್ಲಿ ಈ ಇಳಿಕೆ ಬೇಗ ಕಾಣುತ್ತದೆ, ಕೊನೆಯ ಇಪ್ಪತ್ತು ಪರ್ಸೆಂಟ್‌ಗೆ ಮೊದಲ ಎಪ್ಪತ್ತಕ್ಕೆ ಬೇಕಾದಷ್ಟೇ ಹೊತ್ತು ಹಿಡಿಯಬಹುದು. ಚಾರ್ಜರ್ ಕೊಡುವುದೇ 25–30 ಆದರೆ ಬ್ಯಾಟರಿಗೆ ಅದು ಹೊರೆಯೇ ಅಲ್ಲ. 85–90ರವರೆಗೂ ಅದೇ ವೇಗ ಉಳಿಯುತ್ತದೆ. ನಿಧಾನದ ಚಾರ್ಜರ್‌ನಲ್ಲಿ ನಿಂತಿದ್ದೀರಿ, ಮುಂದಿನದರ ಮೇಲೆ ನಂಬಿಕೆ ಕಡಿಮೆ ಎಂದಾದರೆ 90ಕ್ಕೆ ತುಂಬಿಸಿ ಹೊರಡುವುದು ಸರಿಯಾದ ನಿರ್ಧಾರ. ಪರದೆಯಲ್ಲಿ ಕಿಲೋವ್ಯಾಟ್ ಸಂಖ್ಯೆ ಇಳಿಯತೊಡಗಿದಾಗ ಗನ್ ತೆಗೆಯಿರಿ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಕಾರುಗಳಿಗೆ ಇನ್ನೊಂದು ಮಾತು. ಈ ಬಗೆಯ ಸೆಲ್‌ನ ವೋಲ್ಟೇಜ್ ಇಪ್ಪತ್ತರಿಂದ ತೊಂಬತ್ತು ಪರ್ಸೆಂಟ್‌ವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಎಷ್ಟು ತುಂಬಿದೆ ಎಂದು ಕಂಪ್ಯೂಟರ್ ಅಳೆಯುವುದು ಕಷ್ಟ. ವಾರಗಟ್ಟಲೆ 100ಕ್ಕೆ ಏರಿಸದಿದ್ದರೆ ಅಂದಾಜು ಜಾರುತ್ತ ಹೋಗುತ್ತದೆ. 12 ತೋರುತ್ತಿದ್ದದ್ದು ಇದ್ದಕ್ಕಿದ್ದಂತೆ 6ಕ್ಕೆ ಬೀಳುವುದು ಹೀಗೆ. ದೂರ ಹೊರಡುವ ಹಿಂದಿನ ರಾತ್ರಿ ಮನೆಯ ವಿದ್ಯುತ್ತಿಗೆ (ಎಸಿ) ಜೋಡಿಸುವ ನಿಧಾನದ ಚಾರ್ಜರ್‌ನಿಂದ 100ಕ್ಕೆ ಏರಿಸಿ, ತಾನೇ ನಿಲ್ಲುವವರೆಗೂ ಬಿಡಿ.

ಚಾರ್ಜರ್ ಆರಿಸುವುದು, ಚುಚ್ಚುವುದು

ದಾರಿಯ ಒರಟು ನಕ್ಷೆಗೆ ಎ ಬೆಟರ್ ರೂಟ್ ಪ್ಲಾನರ್ ಎಂಬ ಆ್ಯಪ್ ಒಳ್ಳೆಯದು, ಎತ್ತರದ ಲೆಕ್ಕವನ್ನೂ ಹಾಕುತ್ತದೆ. ನಿಮ್ಮ ಹೆದ್ದಾರಿ ಸರಾಸರಿಯನ್ನು ಅದಕ್ಕೆ ಕೈಯಾರೆ ಕೊಡಿ. ಯಾವ ಚಾರ್ಜರ್ ಓಡುತ್ತಿದೆ ಎಂಬುದಕ್ಕೆ ಪ್ಲಗ್‌ಶೇರ್‌ನಲ್ಲಿ ಬಳಕೆದಾರರು ಬರೆದ ದಿನಾಂಕಗಳನ್ನು ನೋಡಬೇಕು. ನಿನ್ನೆ ಮೊನ್ನೆ ಯಾರೋ ತುಂಬಿಸಿದ್ದರೆ ನಂಬಬಹುದು. ಕೊನೆಯ ದಾಖಲೆ ಎರಡು ತಿಂಗಳ ಹಿಂದಿನದಾದರೆ ಅದು ಪಟ್ಟಿಯಲ್ಲಿ ಇಲ್ಲ ಎಂದೇ ತಿಳಿಯಿರಿ. ಕಂಪನಿಯ ಆ್ಯಪ್‌ನಲ್ಲಿ ಖಾಲಿ ಇದೆ ಎಂಬ ಹಸಿರು ಗುರುತಿನ ಅರ್ಥ, ಚಾರ್ಜರ್ ಒಳಗಿನ ಸಿಮ್ ಕಾರ್ಡ್ ಸರ್ವರ್‌ನೊಡನೆ ಮಾತಾಡುತ್ತಿದೆ ಎಂದಷ್ಟೇ. ಗನ್ನಿನ ಪಿನ್ ಮುರಿದಿರುವುದು ಸರ್ವರ್‌ಗೆ ಗೊತ್ತಾಗುವುದಿಲ್ಲ. ಹೊರಡುವ ಮುನ್ನ ಅಲ್ಲಿನ ಹೋಟೆಲ್ಲಿಗೋ ಪೆಟ್ರೋಲ್ ಬಂಕಿಗೋ ಒಂದು ಫೋನ್ ಮಾಡಿ, ಇವತ್ತು ಬೆಳಿಗ್ಗೆ ಯಾವುದಾದರೂ ಕಾರು ಚಾರ್ಜ್ ಆಯಿತೇ ಎಂದು ಕೇಳಿ. ಓಡುತ್ತಿದೆಯೇ ಎಂದು ಕೇಳಿದರೆ ಹೂಂ ಎಂದುಬಿಡುತ್ತಾರೆ.

ಒಂದೇ ಊರಿನಲ್ಲಿ ಎರಡು-ಮೂರು ಕಂಪನಿಗಳ ಚಾರ್ಜರ್ ಇರುವ ಜಾಗಕ್ಕೆ ಮೊದಲ ಮಣೆ. ರಾತ್ರಿ ಪ್ರಯಾಣವಾದರೆ ಗೇಟು ಹಾಕುವ ಹೋಟೆಲ್, ಭಾನುವಾರ ಮುಚ್ಚುವ ಶೋರೂಮ್ ಲೆಕ್ಕಕ್ಕಿಲ್ಲ. ದಾರಿಯಲ್ಲಿರುವ ಕಂಪನಿಗಳ ಆ್ಯಪ್‌ಗಳನ್ನು ಮನೆಯಲ್ಲೇ ಇಳಿಸಿ, ಓಟಿಪಿ ಮುಗಿಸಿ, ವ್ಯಾಲೆಟ್‌ಗೆ ತಲಾ ನಾನೂರು-ಐನೂರು ರೂಪಾಯಿ ಹಾಕಿಡಿ. ಮಲೆನಾಡಿನಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಓಟಿಪಿಗೆ ಕಾಯುವುದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಆರ್‌ಎಫ್‌ಐಡಿ ಕಾರ್ಡ್ (ಯಂತ್ರಕ್ಕೆ ತಾಗಿಸಿ ಚಾರ್ಜ್ ಶುರು ಮಾಡುವ ಕಾರ್ಡ್) ಕೊಡುವ ಕಂಪನಿಯಾದರೆ ತೆಗೆದಿಟ್ಟುಕೊಳ್ಳಿ. ದರ ಹೆಚ್ಚಾಗಿ ಯೂನಿಟ್‌ಗೆ 18ರಿಂದ 25 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆ್ಯಪ್‌ನಲ್ಲಿ ಕಾಣುವ ದರ ತೆರಿಗೆ ಸೇರಿದ್ದೋ ಅಲ್ಲವೋ ನೋಡಿಕೊಳ್ಳಿ.

ಗನ್ ಹಾಕುವಾಗ ಕಾರು ಪಾರ್ಕ್‌ನಲ್ಲಿರಲಿ, ಆಫ್ ಮಾಡಿ. ಕೇಬಲ್‌ನ ಭಾರಕ್ಕೆ ಗನ್ ಕೆಳಕ್ಕೆ ಜೋತು ಬೀಳುತ್ತದೆ, ಪಿನ್‌ಗಳು ಪೂರ್ತಿ ಕೂಡುವುದಿಲ್ಲ, ಚಾರ್ಜರ್ ಸಂಪರ್ಕ ದೋಷ ಎಂದು ಹೇಳಿ ನಿಲ್ಲುತ್ತದೆ. ಲಾಕ್ ಬಿದ್ದ ಸದ್ದು ಕೇಳಿ, ವಿದ್ಯುತ್ ಹರಿಯತೊಡಗುವವರೆಗೆ ಗನ್ನನ್ನು ಕೈಯಿಂದ ಮೇಲಕ್ಕೆತ್ತಿ ಒಳಕ್ಕೆ ಒತ್ತಿ ಹಿಡಿಯಿರಿ. ಶುರುವಾಗದೆ ಹೋದ ಸೆಷನ್‌ಗಳಲ್ಲಿ ಎಷ್ಟೋ ಇಷ್ಟರಿಂದಲೇ ಸರಿಹೋಗುತ್ತವೆ. ಪರದೆ ಉರಿಯುತ್ತಿದ್ದು ಏನೂ ಆಗುತ್ತಿಲ್ಲವೆಂದರೆ ಕೆಂಪು ಎಮರ್ಜೆನ್ಸಿ ಗುಂಡಿಯನ್ನು ನೋಡಿ. ಹಿಂದಿನವರು ಒತ್ತಿ ಹಾಗೇ ಬಿಟ್ಟು ಹೋಗಿರಬಹುದು. ಬಾಣದ ಗುರುತಿನ ಕಡೆಗೆ, ಅಂದರೆ ಬಲಕ್ಕೆ ತಿರುಗಿಸಿದರೆ ಹೊರಕ್ಕೆ ನೆಗೆಯುತ್ತದೆ. ಆಗಲೂ ಆಗದಿದ್ದರೆ ಗನ್ ತೆಗೆದು, ಕಾರನ್ನು ಲಾಕ್ ಮಾಡಿ ಎರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಕಾರಿನ ಕಂಪ್ಯೂಟರ್ ನಿದ್ದೆಗೆ ಹೋಗಿ ಹೊಸದಾಗಿ ಏಳಬೇಕು. ಇನ್ನೊಂದು ಗನ್ ಇದ್ದರೆ ಅದನ್ನು ಹಾಕಿ. ಗ್ರಾಹಕ ಸೇವೆಗೆ ಕರೆ ಮಾಡಿದರೆ ದೂರದಿಂದಲೇ ಚಾರ್ಜರ್ ಅನ್ನು ರೀಸ್ಟಾರ್ಟ್ ಮಾಡಿಕೊಡುತ್ತಾರೆ, ಐದು ನಿಮಿಷ ಬೇಕು. ಮೂರು ಪ್ರಯತ್ನ, ಇಪ್ಪತ್ತು ನಿಮಿಷ. ಅಷ್ಟಕ್ಕೆ ಆಗದಿದ್ದರೆ ಮುಂದಿನದಕ್ಕೆ ಹೊರಡಿ.

ಮುಗಿದ ಮೇಲೆ ಗನ್ ಬಿಡುವುದಿಲ್ಲ ಎಂಬ ತೊಂದರೆಯೂ ಇದೆ. ಕಾರನ್ನು ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿ, ಗನ್ನನ್ನು ಸ್ವಲ್ಪ ಒಳಕ್ಕೆ ಒತ್ತಿ ಆಮೇಲೆ ಎಳೆಯಿರಿ. ಬಾನೆಟ್ ಕೆಳಗೋ ಬೇರೆಲ್ಲೋ ಕೈಯಿಂದ ಬಿಡಿಸುವ ಎಳೆ ಬಹಳ ಕಾರುಗಳಲ್ಲಿ ಇರುತ್ತದೆ. ಅದು ಎಲ್ಲಿದೆ ಎಂದು ಮಾಲೀಕರ ಕೈಪಿಡಿಯಲ್ಲಿ ಮನೆಯಲ್ಲೇ ನೋಡಿಟ್ಟುಕೊಳ್ಳಿ.

ದಸರಾ, ದೀಪಾವಳಿ, ವರ್ಷಾಂತ್ಯದ ರಜೆಯಲ್ಲಿ ಇದೆಲ್ಲಕ್ಕಿಂತ ಸರದಿಯೇ ದೊಡ್ಡ ತೊಂದರೆ. ಎರಡು ಗನ್ನಿನ 60ರ ಚಾರ್ಜರ್‌ನಲ್ಲಿ ಎರಡು ಕಾರುಗಳು ತಲಾ 17 ಯೂನಿಟ್ ತುಂಬಿಸಿದರೆ 35 ನಿಮಿಷ. ಮೂರನೆಯವರಾಗಿ ಬಂದರೆ ಒಂದು ಗಂಟೆ ಹತ್ತು ನಿಮಿಷಕ್ಕಿಂತ ಮೊದಲು ಏಳಲಾಗದು. ಬೆಳಿಗ್ಗೆ ಐದಕ್ಕೆ ಹೊರಟು ಏಳೂವರೆಗೆ ಗನ್ ಹಿಡಿದವರಿಗೂ ಏಳಕ್ಕೆ ಹೊರಟವರಿಗೂ ಆ ದಿನ ಎರಡು ಗಂಟೆಗಿಂತ ಹೆಚ್ಚಿನ ವ್ಯತ್ಯಾಸ ಬೀಳುತ್ತದೆ. ಬೇಕಾದಷ್ಟು ತುಂಬಿದ ತಕ್ಷಣ ಕಾರು ತೆಗೆಯುವುದು ಹಿಂದೆ ಕಾಯುತ್ತಿರುವ ಕುಟುಂಬಕ್ಕೆ ಮಾಡುವ ದೊಡ್ಡ ಉಪಕಾರ.

ಸಂಖ್ಯೆ ಏರಿತು, ಭರವಸೆ?

ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಹೆದ್ದಾರಿಗಳ ಎರಡೂ ಬದಿ ಪ್ರತಿ 20 ಕಿ.ಮೀ.ಗೆ ಒಂದು ಚಾರ್ಜಿಂಗ್ ಕೇಂದ್ರ ಇರಬೇಕೆನ್ನುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ, ವಿದ್ಯುತ್ ವಾಹನಗಳಿಗೆ ಉತ್ತೇಜನ ಕೊಡುವ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳಿಗೆ. ಒಟ್ಟು 72,300 ಚಾರ್ಜರ್‌ಗಳ ಗುರಿ, ಅದರಲ್ಲಿ ಕಾರುಗಳಿಗಾಗಿ 22,100 ಫಾಸ್ಟ್ ಚಾರ್ಜರ್. ಇವೆಲ್ಲ ಬೇಕಾದವೇ. ಆದರೆ ಇಪ್ಪತ್ತು ಕಿ.ಮೀ.ಗೊಂದರಂತೆ ಹಾಕಿ ಅರ್ಧ ಕೆಟ್ಟಿರುವುದಕ್ಕಿಂತ ಐವತ್ತು ಕಿ.ಮೀ.ಗೊಂದರಂತೆ ನಾಲ್ಕು ಗನ್ ಇದ್ದು ಸದಾ ಓಡುವುದು ಪ್ರಯಾಣಿಕರಿಗೆ ಮೇಲು. ಮೇಲಿನ ಲೆಕ್ಕದಲ್ಲೇ ನೋಡಿ: ಐವತ್ತು ಕಿ.ಮೀ ಎಂದರೆ ಬರೀ 17 ಪರ್ಸೆಂಟ್.

ಚಾರ್ಜರ್‌ಗಳು ಕೆಡುವುದಕ್ಕೆ ಕಾರಣಗಳು ಗೂಢವಾದವಲ್ಲ. ಹೆದ್ದಾರಿ ಬದಿಯ ಬಹುತೇಕ ಯಂತ್ರಗಳ ಬಳಿ ಕಾವಲಿಗೆ, ದುರಸ್ತಿಗೆ ಜನ ಇಲ್ಲ. ಗನ್ ನೆಲಕ್ಕೆ ಬಿದ್ದು ಪಿನ್ ಒಡೆಯುತ್ತದೆ, ಫಿಲ್ಟರ್‌ನಲ್ಲಿ ಧೂಳು ಕಟ್ಟಿ ಮಾಡ್ಯೂಲ್ ಬಿಸಿಯೇರುತ್ತದೆ, ಗ್ರಾಮೀಣ ಫೀಡರ್‌ನ ವೋಲ್ಟೇಜ್ ಏರಿಳಿತಕ್ಕೆ ರಕ್ಷಣಾ ಸ್ವಿಚ್ ಬಿದ್ದರೆ ಎತ್ತುವವರಿಲ್ಲ. ದಿನಕ್ಕೆ ಎರಡು ಕಾರು ಬರುವ ಕಡೆ ಬಿಡಿಭಾಗ ಇಟ್ಟುಕೊಳ್ಳಲು ಕಂಪನಿಗೂ ಗಿಟ್ಟುವುದಿಲ್ಲ. ಹಾಗಾಗಿ ಸಹಾಯಧನ ಹಾಕಿದ್ದಕ್ಕಲ್ಲ, ಓಡಿದ ಗಂಟೆಗಳಿಗೆ ಸಿಗಬೇಕು; ಪ್ರತಿ ಗನ್ ಕೊನೆಯ ಸಲ ಯಾವಾಗ ವಿದ್ಯುತ್ ಕೊಟ್ಟಿತು ಎಂಬ ಮಾಹಿತಿ ಎಲ್ಲ ಆ್ಯಪ್‌ಗಳಿಗೂ ತೆರೆದಿರಬೇಕು. ದೇಶಕ್ಕೆಲ್ಲ ಒಂದೇ ಚಾರ್ಜಿಂಗ್ ಆ್ಯಪ್ ತರುವ, ಅದರ ಹೊಣೆಯನ್ನು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ಗೆ ಕೊಡುವ ಚಿಂತನೆಯನ್ನು ಭಾರಿ ಕೈಗಾರಿಕೆ ಸಚಿವಾಲಯ 2025ರಲ್ಲಿ ಪ್ರಕಟಿಸಿತು. ಅದರಲ್ಲಿ ಹಣ ಕಟ್ಟುವ ಸೌಲಭ್ಯದಷ್ಟೇ ಈ ಒಂದು ಸಾಲಿನ ಮಾಹಿತಿಯೂ ಬಂದರೆ, ಫೋನ್ ಮಾಡಿ ವಿಚಾರಿಸುವ ಕಷ್ಟ ತಪ್ಪುತ್ತದೆ.

ರಾತ್ರಿಯ ಸಾಕೆಟ್

ಉಳಿಯುವ ಊರಿನಲ್ಲಿ ಒಂದು 15 ಆಂಪಿಯರ್ ಸಾಕೆಟ್ ಸಿಕ್ಕರೆ ಅದೇ ಎಲ್ಲಕ್ಕಿಂತ ಅಗ್ಗದ ಚಾರ್ಜರ್. ಕಾರಿನೊಡನೆ ಬರುವ ಕೇಬಲ್ ಹೆಚ್ಚೆಂದರೆ 3.3 ಕಿಲೋವ್ಯಾಟ್ ಎಳೆಯುತ್ತದೆ. ವೋಲ್ಟೇಜ್ 190ಕ್ಕೆ ಇಳಿಯುವ ಹಳ್ಳಿಯಲ್ಲಿ ಎರಡೂವರೆ. ಹತ್ತು ಗಂಟೆಗೆ ಬ್ಯಾಟರಿಗೆ ಇಪ್ಪತ್ತೆರಡರಿಂದ ಇಪ್ಪತ್ತೆಂಟು ಯೂನಿಟ್ ಸೇರುತ್ತದೆ, ಅಂದರೆ ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು. ಕೋಣೆ ಕಾದಿರಿಸುವಾಗಲೇ ಕೇಳಿ, ಯೂನಿಟ್‌ಗೆ ಇಷ್ಟು ಎಂದು ದರ ಮಾತಾಡಿಕೊಳ್ಳಿ. ಗೀಸರ್ ಅಥವಾ ಎಸಿಗೆಂದು ಎಳೆದ ಪ್ರತ್ಯೇಕ ಪಾಯಿಂಟ್ ಉತ್ತಮ. ಅಂಗಳದ ದೀಪದ ತಂತಿಯಿಂದ ಕವಲೊಡೆದ ಸಾಕೆಟ್ ಬೇಡ, ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಬೇಡವೇ ಬೇಡ. ಸುರುಳಿಯಲ್ಲಿ ಕಾವು ಹೊರಹೋಗದೆ ತಂತಿ ಕರಗುತ್ತದೆ.

ಹಳೆಯ ಮನೆಗಳಲ್ಲಿ ಕೇಬಲ್‌ನ ಡಬ್ಬಿ ಕೆಂಪು ದೀಪ ತೋರಿ ನಿಲ್ಲುವುದು ಸಾಮಾನ್ಯವಾಗಿ ಅರ್ಥಿಂಗ್ ಇಲ್ಲದ್ದಕ್ಕೆ. ಜನರೇಟರ್‌ನಿಂದ ಬರುವ ವಿದ್ಯುತ್ತಿಗೂ ಹೀಗೇ ಆಗುತ್ತದೆ. ಅರ್ಥ್ ಮತ್ತು ನ್ಯೂಟ್ರಲ್ ಕೂಡಿಸಿ ಡಬ್ಬಿಗೆ ಮೋಸ ಮಾಡುವ ಸಾಧನಗಳನ್ನು ಕೆಲವರು ಒಯ್ಯುತ್ತಾರೆ. ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಕಾರಿನ ಮೈಗೇ 230 ವೋಲ್ಟ್ ಬರುತ್ತದೆ, ಮಳೆಯಲ್ಲಿ ಬಾಗಿಲು ಮುಟ್ಟಿದವರ ಗತಿ ಏನು? ಹಾಗೆ ಮಾಡಬೇಡಿ. ಚಾರ್ಜಿಗೆ ಹಾಕಿ ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ತಕ್ಷಣ ನಿಲ್ಲಿಸಿ.

ಇಷ್ಟೆಲ್ಲ ಆದ ಮೇಲೂ ಹತ್ತು ಪರ್ಸೆಂಟ್‌ನಲ್ಲಿ ಕೆಟ್ಟ ಚಾರ್ಜರ್ ಎದುರು ನಿಂತಿದ್ದೀರಿ ಎಂದುಕೊಳ್ಳಿ. ಮೊದಲು ಅಲ್ಲೇ 15 ಆಂಪಿಯರ್ ಸಾಕೆಟ್ ಕೇಳಿ. ಒಂದು ಗಂಟೆಗೆ ಮೂರು ಯೂನಿಟ್, ಅಂದರೆ ಇಪ್ಪತ್ತು ಕಿ.ಮೀ. ಸಿಗದಿದ್ದರೆ ಎಸಿ ಆರಿಸಿ, ಎಡ ಅಂಚಿನಲ್ಲಿ, ಗಂಟೆಗೆ 50ರಲ್ಲಿ ಹೊರಡಿ. ನೂರರ ವೇಗದಲ್ಲಿ 26 ಕಿ.ಮೀ ಹೋಗುವ ನಾಲ್ಕೂವರೆ ಯೂನಿಟ್ ಐವತ್ತರಲ್ಲಿ 45 ಕಿ.ಮೀ ಒಯ್ಯುತ್ತದೆ. ಐದಕ್ಕಿಂತ ಕೆಳಗಿನ ಸಂಖ್ಯೆಯನ್ನು ನಂಬಬೇಡಿ. ಶಕ್ತಿ ಕಡಿಮೆ ಮಾಡುತ್ತಿದ್ದೇನೆ ಎಂದು ಕಾರು ಸೂಚನೆ ಕೊಟ್ಟ ಕೂಡಲೇ ಬೆಳಕಿರುವ, ಅಗಲವಾದ ಜಾಗ ನೋಡಿ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ರಸ್ತೆ ನೆರವಿಗೆ ಕರೆ ಮಾಡಿ. ಬರುವ ವಾಹನ ಫ್ಲ್ಯಾಟ್‌ಬೆಡ್ ಆಗಿರಬೇಕೆಂದು ಫೋನಿನಲ್ಲೇ ಎರಡು ಸಲ ಹೇಳಿ. ಹಗ್ಗ ಕಟ್ಟಿ ಎಳೆದರೆ ಚಕ್ರದೊಡನೆ ಮೋಟರ್ ತಿರುಗಿ, ನಿಯಂತ್ರಣ ಪೆಟ್ಟಿಗೆಗೆ ವಿದ್ಯುತ್ ನುಗ್ಗಿ ಸುಡಬಹುದು.